ಮಾರುಕಟ್ಟೆ ಬಿದ್ದ ರಾತ್ರಿಯೂ ನಡೆಯುವ ಜಾಲ: ನಾನು ಆರಿಸಿಕೊಳ್ಳುವ ಬಗೆ

ಹೊಸ ಬ್ಲಾಕ್‌ಚೈನ್ ಜಾಲವೊಂದರ ಪ್ರಚಾರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸೆಕೆಂಡಿಗೆ ಇಷ್ಟು ಸಾವಿರ ವಹಿವಾಟು ಎಂಬ ಸಂಖ್ಯೆ. ವ್ಯಾಪಾರಕ್ಕೆ ಜಾಲ ಆರಿಸುವಾಗ ನಾನು ಆ ಸಂಖ್ಯೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಲೆ ದಿಢೀರನೆ ಕುಸಿದು, ಎಲ್ಲರೂ ಒಮ್ಮೆಗೇ ಮಾರಲು ನುಗ್ಗಿದ ಗಳಿಗೆಯಲ್ಲಿ ಆ ಜಾಲ ಏನು ಮಾಡಿತು ಎಂದು ಹುಡುಕುತ್ತೇನೆ. ನಡೆಯಿತೇ, ನಿಂತಿತೇ, ಅಥವಾ ನಡೆದರೂ ನನ್ನಂಥವನ ಕೈಗೆ ಎಟುಕದಷ್ಟು ದುಬಾರಿಯಾಯಿತೇ? ಮಲೆನಾಡಿನಲ್ಲಿ ಬೆಳೆದ ನನಗೆ ಈ ಕ್ರಮ ಹೊಸದಲ್ಲ. ಕಾಲುಸಂಕ ಗಟ್ಟಿಯೋ ಅಲ್ಲವೋ ಎಂದು ನಮ್ಮೂರಿನಲ್ಲಿ ಯಾರೂ ಬೇಸಿಗೆಯಲ್ಲಿ ಹೇಳುವುದಿಲ್ಲ. ಆಷಾಢದ ಹೊಳೆ ಉಕ್ಕಿ ಇಳಿದ ಮೇಲೆ ಹೇಳುತ್ತಾರೆ.

ಬೆಂಗಳೂರಿನಲ್ಲಿ ನನ್ನ ವೃತ್ತಿ ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆಗಳು ನಿಲ್ಲದಂತೆ ನೋಡಿಕೊಳ್ಳುವುದು. ಅಪರಾತ್ರಿಯಲ್ಲಿ ಸರ್ವರ್ ಕುಸಿದರೆ ಎದ್ದು ಸರಿಪಡಿಸಬೇಕು, ಮರುದಿನ ಅದು ಏಕೆ ಕುಸಿಯಿತು ಎಂಬ ವರದಿ ಬರೆಯಬೇಕು. ಕ್ರಿಪ್ಟೋ ವ್ಯಾಪಾರ ನನ್ನ ಸ್ವಂತ ಉಳಿತಾಯದ ಒಂದು ಭಾಗದಲ್ಲಿ, ನಾನೇ ಬರೆದುಕೊಂಡ ನಿಯಮಗಳ ಪ್ರಕಾರ ನಡೆಯುತ್ತದೆ. ಇಥೀರಿಯಂ ಜಾಲದ ನಾಣ್ಯವಾದ ಈಥರ್ ಮತ್ತು ಡಾಲರಿಗೆ ಸಮನಾಗಿರಲೆಂದು ಕಟ್ಟಿದ ಸ್ಟೇಬಲ್‌ಕಾಯಿನ್‌ಗಳ ನಡುವೆ ಕೊಡುಕೊಳ್ಳುವುದು, ಕೆಲವೊಮ್ಮೆ ಈಥರ್ ಅಡವಿಟ್ಟು ಸ್ಟೇಬಲ್‌ಕಾಯಿನ್ ಸಾಲ ತೆಗೆಯುವುದು ಇದರ ಮುಖ್ಯ ಭಾಗ. ಅಡವಿಟ್ಟವನಿಗೆ ಜಾಲದ ವಿಶ್ವಾಸಾರ್ಹತೆ ಬರೀ ಚರ್ಚೆಯ ವಿಷಯವಲ್ಲ. ಬೆಲೆ ಇಳಿಯುತ್ತಿರುವಾಗ ಇನ್ನಷ್ಟು ಅಡವು ಸೇರಿಸಲು ಅಥವಾ ಸಾಲ ತೀರಿಸಲು ಆಗದಿದ್ದರೆ ಸಾಲದ ಒಪ್ಪಂದವನ್ನು ತಾನಾಗಿ ನಡೆಸುವ ಪ್ರೋಗ್ರಾಮು ಅವನ ಆಸ್ತಿಯನ್ನು ದಂಡ ಹಾಕಿ ಮಾರಿಬಿಡುತ್ತದೆ.

ನನ್ನ ಯೋಚನೆಗೆ ರೂಪ ಕೊಟ್ಟದ್ದು 2020ರ ಮಾರ್ಚ್ 12. ಕೊರೋನಾ ಭೀತಿಯಿಂದ ಜಗತ್ತಿನ ಮಾರುಕಟ್ಟೆಗಳೆಲ್ಲ ಕುಸಿದ ಆ ದಿನ ಈಥರ್ ಬೆಲೆ ಸುಮಾರು ಒಂದು ದಿನದೊಳಗೆ ಶೇಕಡ 40ಕ್ಕೂ ಹೆಚ್ಚು ಇಳಿಯಿತು. ಇಥೀರಿಯಂ ಜಾಲ ನಿಲ್ಲಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಬಂದದ್ದರಿಂದ ಗ್ಯಾಸ್ ಎಂದು ಕರೆಯುವ ವಹಿವಾಟಿನ ಶುಲ್ಕ ಏರಿ, ಹಳೆಯ ಶುಲ್ಕದ ಅಂದಾಜಿನಲ್ಲಿ ಕಳಿಸಿದ ವಹಿವಾಟುಗಳು ಸಾಲಿನಲ್ಲೇ ಕೊಳೆತವು. ಮೇಕರ್‌ಡಾವ್ ಎಂಬ ಸಾಲ ವ್ಯವಸ್ಥೆಯಲ್ಲಿ ಅಡವಿನ ಹರಾಜಿಗೆ ಬಿಡ್ ಹಾಕಬೇಕಿದ್ದ ಬಾಟ್‌ಗಳು, ಎಂದರೆ ತಾವಾಗಿ ನಡೆಯುವ ಪ್ರೋಗ್ರಾಮುಗಳು, ಹೀಗೆಯೇ ಸಿಕ್ಕಿಹಾಕಿಕೊಂಡವು. ಹೆಚ್ಚು ಶುಲ್ಕ ಕೊಟ್ಟು ಒಳಗೆ ಬಂದ ಕೆಲವರು ಸೊನ್ನೆ ಬೆಲೆಯ ಬಿಡ್ ಹಾಕಿ ಸುಮಾರು 83 ಲಕ್ಷ ಡಾಲರ್ ಮೌಲ್ಯದ ಈಥರ್ ಅನ್ನು ಬಿಟ್ಟಿಯಾಗಿ ಹೊತ್ತೊಯ್ದರು. ಅಡವಿಟ್ಟವರಲ್ಲಿ ಹಲವರಿಗೆ ಏನೂ ಉಳಿಯಲಿಲ್ಲ.

ಆ ಸಾಲ ವ್ಯವಸ್ಥೆಯಲ್ಲಿ ನನ್ನ ಹಣ ಇರಲಿಲ್ಲ, ಬೇರೆ ಕಡೆ ಸಣ್ಣ ಸಾಲವೊಂದಿತ್ತು. ಅಡವು ಸೇರಿಸಲು ಕಳಿಸಿದ ವಹಿವಾಟು ಬಹಳ ಹೊತ್ತು ಅಲುಗಾಡಲಿಲ್ಲ. ಅದೇ ಕ್ರಮಸಂಖ್ಯೆಯಲ್ಲಿ, ಎಂದರೆ ಅದೇ ನಾನ್ಸ್ ಹಾಕಿ, ಹಲವು ಪಟ್ಟು ಶುಲ್ಕದೊಂದಿಗೆ ಮತ್ತೆ ಕಳಿಸಿದ ಮೇಲೆ ಅದು ಬ್ಲಾಕಿಗೆ, ಎಂದರೆ ಜಾಲ ಒಟ್ಟಿಗೆ ದಾಖಲಿಸುವ ವಹಿವಾಟುಗಳ ಕಂತೆಗೆ, ಸೇರಿತು. ಇಂದು ಬಹುತೇಕ ವಾಲೆಟ್‌ಗಳಲ್ಲಿ, ಎಂದರೆ ಕ್ರಿಪ್ಟೋ ಇಟ್ಟು ಕಳಿಸುವ ಆ್ಯಪ್‌ಗಳಲ್ಲಿ, ಇದಕ್ಕೊಂದು ಗುಂಡಿ ಇದೆ. ಆದರೆ ಯಾರೇ ಕೇಳಿದರೂ, ಸಾಲ ತೆಗೆಯುವ ಮೊದಲು ಇದನ್ನು ಕೈಯಾರೆ ಮಾಡಿ ಅಭ್ಯಾಸ ಮಾಡಿಕೊಳ್ಳಿ ಎಂದೇ ಹೇಳುತ್ತೇನೆ. ಗಾಬರಿಯ ಹೊತ್ತಿನಲ್ಲಿ ಕಲಿಯುವ ವಿದ್ಯೆ ಇದಲ್ಲ.

ನಿಲ್ಲುವುದಕ್ಕೂ ದುಬಾರಿಯಾಗುವುದಕ್ಕೂ ಇರುವ ಅಂತರ ಇನ್ನೂ ನಿಚ್ಚಳವಾಗಿ ಕಂಡದ್ದು 2022ರ ಮೇ 1ರ ನಸುಕಿನಲ್ಲಿ. ಎರಡು ಜಾಲಗಳು, ಒಂದೇ ಬಗೆಯ ಒತ್ತಡ, ಒಂದೇ ರಾತ್ರಿ. ಇಂಥ ಹೋಲಿಕೆ ಪ್ರಯೋಗಶಾಲೆಯಲ್ಲೂ ಸುಲಭವಾಗಿ ಸಿಗುವುದಿಲ್ಲ. ಸೊಲಾನಾ ಜಾಲದಲ್ಲಿ ಎನ್‌ಎಫ್‌ಟಿ ಎಂಬ ಡಿಜಿಟಲ್ ಒಡೆತನ ಪತ್ರಗಳ ಮಾರಾಟಕ್ಕೆ ಬಾಟ್‌ಗಳು ಮುಗಿಬಿದ್ದು, ಹಣ ಪಣವಿಟ್ಟು ವಹಿವಾಟು ಪರಿಶೀಲಿಸಿ ಬ್ಲಾಕ್ ಕಟ್ಟುವ ವ್ಯಾಲಿಡೇಟರುಗಳ ನಡುವಿನ ಒಮ್ಮತ ಮುರಿದುಬಿತ್ತು. ಸುಮಾರು ಏಳು ಗಂಟೆ ಒಂದೂ ಬ್ಲಾಕ್ ಬರಲಿಲ್ಲ. ಅದು ಇನ್ನೂ ನಿಂತಿರುವಾಗಲೇ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಯ ಹೊತ್ತಿಗೆ, ಇಥೀರಿಯಂನಲ್ಲಿ ಅದರ್‌ಸೈಡ್ ಎಂಬ ಕಾಲ್ಪನಿಕ ಲೋಕದ ನಿವೇಶನಗಳ ಮಾರಾಟ ಶುರುವಾಯಿತು. ಅಲ್ಲಿ ಶುಲ್ಕ ಹೇಗೆ ಏರಿತೆಂದರೆ ಸಾದಾ ವರ್ಗಾವಣೆಗೂ ನೂರಾರು ಡಾಲರ್ ತೆರಬೇಕಾಯಿತು. ಆ ಒಂದೇ ಮಾರಾಟದಲ್ಲಿ ಶುಲ್ಕವಾಗಿ ಹೋದದ್ದು ಹತ್ತು ಕೋಟಿ ಡಾಲರಿಗೂ ಹೆಚ್ಚು.

ಆ ಬೆಳಿಗ್ಗೆ ಎರಡೂ ಕಡೆ ನನ್ನ ಹಣವಿತ್ತು. ಒಂದು ಜಾಲದಲ್ಲಿ ಎಷ್ಟು ಕೊಟ್ಟರೂ ದಾರಿ ಇರಲಿಲ್ಲ. ಇನ್ನೊಂದರಲ್ಲಿ ಕೊಟ್ಟರೆ ದಾರಿ ಇತ್ತು, ಆದರೆ ದಾರಿಯ ಸುಂಕ ಸಣ್ಣ ವ್ಯಾಪಾರಿಯ ಇಡೀ ಲಾಭವನ್ನು ನುಂಗುವಷ್ಟಿತ್ತು. ಇಥೀರಿಯಂ ಅಭಿಮಾನಿಗಳು ತಮ್ಮ ಜಾಲ ಒಂದು ದಿನವೂ ನಿಂತಿಲ್ಲ ಎಂದು ಹೆಮ್ಮೆಪಡುತ್ತಾರೆ. ಆ ಹೆಮ್ಮೆಗೆ ಆಧಾರವಿದೆ. ಆದರೆ ಕೈಯಲ್ಲಿ 500 ಡಾಲರ್ ಇರುವವನಿಗೆ 300 ಡಾಲರ್ ಶುಲ್ಕ ಕೇಳುವ ಜಾಲವೂ ಮುಚ್ಚಿದ ಜಾಲವೇ. ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಒಂದು ಜಾಲದಲ್ಲಿ ಇಡುವ ಮೊತ್ತ, ಆ ಜಾಲದ ಇತಿಹಾಸದ ಅತಿ ಕೆಟ್ಟ ದಿನದ ಶುಲ್ಕವನ್ನು ತೆತ್ತು ಹೊರಬಂದರೂ ಅರ್ಥವುಳ್ಳದ್ದಾಗಿರಬೇಕು. ಅಷ್ಟು ಮೊತ್ತ ಇಲ್ಲದಿದ್ದರೆ ಇಥೀರಿಯಂನ ಮುಖ್ಯ ಜಾಲ ಎಷ್ಟೇ ಗಟ್ಟಿಯಾಗಿದ್ದರೂ ಆ ವ್ಯಾಪಾರಕ್ಕೆ ಅದು ತಕ್ಕದ್ದಲ್ಲ.

ಸೊಲಾನಾ ಬಗ್ಗೆ ಮಾತಾಡುವವರು ಎರಡು ಪಂಗಡ. ಒಬ್ಬರಿಗೆ ಅದು ಪದೇ ಪದೇ ನಿಲ್ಲುವ ಆಟಿಕೆ, ಇನ್ನೊಬ್ಬರಿಗೆ ಎಲ್ಲವನ್ನೂ ಗೆದ್ದಾಯಿತು ಎಂಬ ಜಯಘೋಷ. ನಾನು ನಿಲುಗಡೆಗಳ ವರದಿಗಳನ್ನು ಒಂದೊಂದಾಗಿ ಓದಿದ್ದೇನೆ, ಏಕೆಂದರೆ ಅಂಥ ವರದಿ ಬರೆಯುವುದೇ ನನ್ನ ಕೆಲಸ. 2021ರ ಸೆಪ್ಟೆಂಬರ್ 14ರಂದು ಹೊಸ ಟೋಕನ್‌ನ, ಎಂದರೆ ಜಾಲದ ಮೇಲಿನ ಹೊಸ ನಾಣ್ಯದ, ಮಾರಾಟವೊಂದಕ್ಕೆ ನುಗ್ಗಿದ ಬಾಟ್‌ಗಳ ಪ್ರವಾಹದಿಂದ ಸುಮಾರು 17 ಗಂಟೆ ನಿಂತಿತು. 2022ರ ಜೂನ್‌ನಲ್ಲಿ ಒಂದು ವಿಶೇಷ ಬಗೆಯ ವಹಿವಾಟಿನ ದೋಷ. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಒಬ್ಬ ವ್ಯಾಲಿಡೇಟರ್ ಎರಡೆರಡು ಬ್ಲಾಕ್ ಕಳಿಸಿದ್ದರಿಂದ ಉಂಟಾದ ಗೊಂದಲ. 2023ರ ಫೆಬ್ರವರಿ 25ರಂದು ದೈತ್ಯ ಗಾತ್ರದ ಬ್ಲಾಕೊಂದು ಹರಡುವ ವ್ಯವಸ್ಥೆಯನ್ನೇ ಮುಳುಗಿಸಿ ಸುಮಾರು 19 ಗಂಟೆ. 2024ರ ಫೆಬ್ರವರಿ 6ರಂದು ಪ್ರೋಗ್ರಾಮುಗಳನ್ನು ಸಿದ್ಧಗೊಳಿಸುವ ಭಾಗ ಕೊನೆಯಿಲ್ಲದ ಸುತ್ತಿಗೆ ಸಿಲುಕಿ ಸುಮಾರು ಐದು ಗಂಟೆ.

ಈ ಪಟ್ಟಿಯಲ್ಲಿ ಎರಡು ಸಂಗತಿ ನನಗೆ ಮುಖ್ಯವಾಗಿ ಕಂಡವು. ಮೊದಲನೆಯದು, ಎರಡು ಸಲ ಬಂದ ಬಾಟ್ ಪ್ರವಾಹ ಬಿಟ್ಟರೆ ಪ್ರತಿ ಸಲದ ಕಾರಣವೂ ಬೇರೆ. ಒಮ್ಮೆ ಬಿದ್ದ ಕಡೆಯೇ ಮತ್ತೆ ಬೀಳುವ ವ್ಯವಸ್ಥೆಯ ಬಗ್ಗೆ ನನಗೆ ಗೌರವ ಇಲ್ಲ. ಹೊಸ ಹೊಸ ಕಡೆ ಬಿದ್ದು ಹಳೆಯದನ್ನು ಮುಚ್ಚುತ್ತ ಹೋಗುವ ವ್ಯವಸ್ಥೆ ಬೆಳೆಯುತ್ತಿದೆ ಎಂದರ್ಥ. ಬಾಟ್ ಪ್ರವಾಹ ತಡೆಯಲು ಕ್ವಿಕ್ ಎಂಬ ಸಂವಹನ ವಿಧಾನ ಬಂತು, ಪಣವಿಟ್ಟ ಹಣದಲ್ಲಿ ಹೆಚ್ಚು ಪಾಲು ಹೊಂದಿದ ವ್ಯಾಲಿಡೇಟರುಗಳ ಮೂಲಕ ಬರುವ ವಹಿವಾಟಿಗೆ ಆದ್ಯತೆ ಸಿಕ್ಕಿತು, ಆದ್ಯತಾ ಶುಲ್ಕ ಬಂತು. 2025ರ ಜನವರಿಯಲ್ಲಿ ಟ್ರಂಪ್ ಹೆಸರಿನ ಟೋಕನ್ ಬಿಡುಗಡೆಯಾದಾಗ ಅಲ್ಲಿ ಅಪಾರ ನೂಕುನುಗ್ಗಲು. ಶುಲ್ಕ ಏರಿತು, ವಿಳಂಬವಾಯಿತು, ಆದರೆ ಜಾಲ ನಿಲ್ಲಲಿಲ್ಲ. 2021ರ ಸೊಲಾನಾ ಆ ದಿನವನ್ನು ದಾಟುತ್ತಿರಲಿಲ್ಲ. ಎರಡನೆಯದು, ನಿಂತ ಪ್ರತಿ ಸಲವೂ ಶೇಕಡ 80ರಷ್ಟು ಪಾಲಿನ ವ್ಯಾಲಿಡೇಟರುಗಳು ಒಂದೆಡೆ ಮಾತಾಡಿಕೊಂಡು ಕೈಯಿಂದ ಮತ್ತೆ ಚಾಲು ಮಾಡಬೇಕಾಗಿತ್ತು. ಎಲ್ಲರೂ ಬಹುಮಟ್ಟಿಗೆ ಒಂದೇ ಮೂಲದ ಸಾಫ್ಟ್‌ವೇರ್ ಓಡಿಸುತ್ತಿದ್ದರು. ಅದರಲ್ಲಿ ಒಂದು ದೋಷ ಎಂದರೆ ಎಲ್ಲರಿಗೂ ದೋಷ. ಜಂಪ್ ಸಂಸ್ಥೆ ಬೇರೆಯಾಗಿಯೇ ಬರೆದ ಫೈರ್‌ಡ್ಯಾನ್ಸರ್ ಎಂಬ ಎರಡನೆಯ ಸಾಫ್ಟ್‌ವೇರನ್ನು ನಾನು ಆಸಕ್ತಿಯಿಂದ ಗಮನಿಸುವುದು ಈ ಕಾರಣಕ್ಕೇ. ಅದರ ವೇಗದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಬೇಕಾದದ್ದು ಅದು ಬೇರೆ ಕೈಗಳು ಬರೆದ ಬೇರೆ ಪ್ರೋಗ್ರಾಮು ಎಂಬ ಸಂಗತಿ.

ಇದಕ್ಕೆ ಇಥೀರಿಯಂನಲ್ಲೇ ಪುರಾವೆ ಇದೆ. 2023ರ ಮೇ 11 ಮತ್ತು 12ರಂದು ಅಲ್ಲಿ ಎರಡು ಸಲ ಅಂತಿಮ ದೃಢೀಕರಣ ತಪ್ಪಿತು. ಮೊದಲ ಸಲ ಸುಮಾರು 25 ನಿಮಿಷ, ಎರಡನೆಯ ಸಲ ಒಂದು ಗಂಟೆಗೂ ಹೆಚ್ಚು. ಪ್ರಿಸಂ ಮತ್ತು ಟೆಕು ಎಂಬ ಎರಡು ಸಾಫ್ಟ್‌ವೇರ್‌ಗಳು, ಬ್ಲಾಕ್‌ಗಳ ಮೇಲೆ ವ್ಯಾಲಿಡೇಟರುಗಳು ಹಾಕಿದ ಹಳೆಯ ಮತಗಳನ್ನು ಪರಿಶೀಲಿಸುವ ಭಾರಕ್ಕೆ ಕುಗ್ಗಿದವು. ಆದರೆ ಲೈಟ್‌ಹೌಸ್ ಮುಂತಾದ ಬೇರೆ ಸಾಫ್ಟ್‌ವೇರ್ ಓಡಿಸುತ್ತಿದ್ದವರು ಬ್ಲಾಕ್ ಹೊರಡಿಸುತ್ತಲೇ ಇದ್ದರು. ಬಳಕೆದಾರರಲ್ಲಿ ಹೆಚ್ಚಿನವರಿಗೆ ಏನಾಯಿತೆಂದು ತಿಳಿಯಲೇ ಇಲ್ಲ. ನನ್ನ ವ್ಯಾಪಾರದ ಪ್ರೋಗ್ರಾಮಿಗೆ ಮಾತ್ರ ತಿಳಿಯಿತು, ಏಕೆಂದರೆ ಅದು ಅಂತಿಮ ದೃಢೀಕರಣ ಆಗುವವರೆಗೆ ದೊಡ್ಡ ಮೊತ್ತವನ್ನು ಬಂದಿದೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಲಾಕಿಗೆ ಸೇರುವುದು 12 ಸೆಕೆಂಡಿನ ಮಾತು. ಇನ್ನು ಹಿಂದಿರುಗಿ ಹೋಗದು ಎಂದು ಜಾಲ ಮುದ್ರೆ ಒತ್ತುವುದಕ್ಕೆ ಸಾಮಾನ್ಯ ದಿನಗಳಲ್ಲೂ ಸುಮಾರು 13 ನಿಮಿಷ ಬೇಕು. ಈ ಎರಡರ ನಡುವಿನ ಅಂತರವನ್ನು ಪ್ರಚಾರಗಳು ಬಾಯಿಬಿಟ್ಟು ಹೇಳುವುದಿಲ್ಲ. ಭಾರತೀಯರು ಕಟ್ಟಿದ್ದೆಂದು ನಾವೆಲ್ಲ ಅಭಿಮಾನದಿಂದ ನೋಡುವ ಪಾಲಿಗಾನ್‌ನಲ್ಲಿ 2023ರ ಫೆಬ್ರವರಿಯಲ್ಲಿ ಒಮ್ಮೆ 150ಕ್ಕೂ ಹೆಚ್ಚು ಬ್ಲಾಕ್‌ಗಳು ಒಟ್ಟಿಗೆ ರದ್ದಾಗಿ ಬೇರೆ ಬ್ಲಾಕ್‌ಗಳು ಅವುಗಳ ಜಾಗಕ್ಕೆ ಬಂದವು. ಎರಡು ಸೆಕೆಂಡಿಗೊಂದು ಬ್ಲಾಕ್ ಎಂದರೆ ಸುಮಾರು ಐದು ನಿಮಿಷದ ಚರಿತ್ರೆ ಮರುಬರೆಯಲ್ಪಟ್ಟಂತೆ. ಆ ಐದು ನಿಮಿಷದಲ್ಲಿ ಸರಕು ಕೊಟ್ಟು ಹಣ ಬಂತೆಂದು ನಂಬಿದವನ ಸ್ಥಿತಿ ಏನು? ಅಭಿಮಾನ ಬೇರೆ, ಎಷ್ಟು ಹೊತ್ತು ಕಾಯಬೇಕೆಂಬ ನಿಯಮ ಬೇರೆ.

ನಾನು ಅಳೆಯುವ ವಿಧಾನ ಸರಳವಾಗಿದೆ, ತಾಳ್ಮೆ ಮಾತ್ರ ಬೇಡುತ್ತದೆ. ಪರಿಗಣಿಸುತ್ತಿರುವ ಪ್ರತಿ ಜಾಲದಲ್ಲೂ ನನ್ನದೇ ಒಂದು ಚಿಕ್ಕ ಪ್ರೋಗ್ರಾಮು ನಿಗದಿತ ಅವಧಿಗೊಮ್ಮೆ ಸಣ್ಣ ವಹಿವಾಟೊಂದನ್ನು ಕಳಿಸುತ್ತದೆ. ಕಳಿಸಿದ ಸಮಯ, ಬ್ಲಾಕಿಗೆ ಸೇರಿದ ಸಮಯ, ಅಂತಿಮವಾದ ಸಮಯ, ತೆತ್ತ ಶುಲ್ಕ, ವಿಫಲವಾದರೆ ಅದರ ಕಾರಣ, ಇಷ್ಟನ್ನು ದಾಖಲಿಸುತ್ತದೆ. ಸರಾಸರಿಯನ್ನು ನಾನು ನೋಡುವುದಿಲ್ಲ. ಸರಾಸರಿ ಎಲ್ಲ ಜಾಲಗಳಲ್ಲೂ ಚೆನ್ನಾಗಿಯೇ ಇರುತ್ತದೆ. ನೂರರಲ್ಲಿ ಅತಿ ನಿಧಾನವಾದ ಆ ಒಂದು ವಹಿವಾಟು ಎಷ್ಟು ತಡವಾಯಿತು ಎಂಬುದೇ ನನ್ನ ಪ್ರಶ್ನೆ, ಅದರಲ್ಲೂ ಈಥರ್ ಬೆಲೆ ಜೋರಾಗಿ ಅಲುಗಾಡಿದ ಗಂಟೆಗಳಲ್ಲಿ. ಶಾಂತ ದಿನಗಳ ಅಂಕಿಅಂಶವನ್ನು ಬೇರೆ ಕಡತದಲ್ಲಿ ಇಡುತ್ತೇನೆ, ಅದನ್ನು ತೆರೆದು ನೋಡುವುದು ಅಪರೂಪ. ಹೀಗೆ ಬಿಡಿಸಿ ನೋಡಿದಾಗ ಕೆಲವು ಪ್ರಖ್ಯಾತ ಜಾಲಗಳ ಹೊಳಪು ಮಾಸಿತು. ಸೆಕೆಂಡಿಗೆ ಸಾವಿರಾರು ಎಂದು ಎಣಿಸುವಾಗ ವ್ಯಾಲಿಡೇಟರುಗಳು ಹಾಕುವ ಮತಗಳನ್ನೂ ವಹಿವಾಟೆಂದೇ ಸೇರಿಸುವ ಪದ್ಧತಿ ಇದೆ, ವಿಫಲವಾದವೂ ಎಣಿಕೆಯಲ್ಲಿರುತ್ತವೆ. 2024ರ ಏಪ್ರಿಲ್‌ನಲ್ಲಿ ಸೊಲಾನಾದಲ್ಲಿ ಮತಗಳನ್ನು ಬಿಟ್ಟರೆ ಉಳಿದ ವಹಿವಾಟುಗಳಲ್ಲಿ ಹೆಚ್ಚಿನ ಪಾಲು ವಿಫಲವಾಗುತ್ತಿದ್ದ ವಾರಗಳಿದ್ದವು. ಬಹಳಷ್ಟು ಬಾಟ್‌ಗಳದ್ದೇ ಎಂಬುದು ನಿಜ, ಆದರೆ ಸರತಿಯಲ್ಲಿ ನಿಂತವನಿಗೆ ಮುಂದಿರುವುದು ಮನುಷ್ಯನೋ ಬಾಟೋ ಎಂಬುದರಿಂದ ಏನೂ ವ್ಯತ್ಯಾಸವಾಗದು.

ಇಥೀರಿಯಂಗೆ ನನ್ನ ಮನೆಯಲ್ಲೇ ಒಂದು ನೋಡ್, ಎಂದರೆ ಜಾಲದ ದಾಖಲೆಯನ್ನು ತಾನೇ ಇಟ್ಟು ಪರಿಶೀಲಿಸುವ ಯಂತ್ರ, ಇದೆ. 32 ಜಿಬಿ ಮೆಮೊರಿ, 4 ಟಿಬಿ ಎಸ್‌ಎಸ್‌ಡಿ ಇರುವ ಪುಟ್ಟ ಕಂಪ್ಯೂಟರು, ಅದರಲ್ಲಿ ನೆದರ್‌ಮೈಂಡ್ ಮತ್ತು ಲೈಟ್‌ಹೌಸ್ ಎಂಬ ಸಾಫ್ಟ್‌ವೇರ್‌ಗಳು, ಹಿಂದೆ ಯುಪಿಎಸ್, ಫೈಬರ್ ಕೈಕೊಟ್ಟರೆ ಮೊಬೈಲ್ ಸಂಪರ್ಕ. ಬಹುತೇಕ ವಾಲೆಟ್‌ಗಳು ಜಾಲದೊಂದಿಗೆ ನೇರವಾಗಿ ಮಾತಾಡುವುದಿಲ್ಲ, ಯಾರೋ ಒಬ್ಬರ ಸರ್ವರ್ ಮೂಲಕ ಮಾತಾಡುತ್ತವೆ. 2020ರ ನವೆಂಬರ್ 11ರಂದು ಇನ್‌ಫ್ಯೂರಾ ಎಂಬ ಆ ಬಗೆಯ ದೊಡ್ಡ ಸೇವೆ ಗೆತ್ ಸಾಫ್ಟ್‌ವೇರಿನ ಹಳೆಯ ಆವೃತ್ತಿಯಲ್ಲಿದ್ದುದರಿಂದ ಮುಖ್ಯ ಸರಪಳಿಯಿಂದ ಕಳಚಿಕೊಂಡಿತು. ಅದನ್ನು ನಂಬಿದ ಅನೇಕ ವಾಲೆಟ್‌ಗಳಿಗೂ ಎಕ್ಸ್‌ಚೇಂಜ್‌ಗಳಿಗೂ ಇಥೀರಿಯಂ ನಿಂತಂತೆ ಕಂಡಿತು. ಇಥೀರಿಯಂ ನಿಂತಿರಲಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡಿನ ಒಂದು ಪ್ರದೇಶ ಕುಸಿದಾಗಲೂ ಹೀಗೆಯೇ, ವಿಕೇಂದ್ರೀಕೃತ ಎಂದು ಹೇಳಿಕೊಳ್ಳುವ ಹಲವು ಸೇವೆಗಳು ಒಟ್ಟಿಗೆ ಕಣ್ಣು ಮುಚ್ಚಿದವು. ಎಲ್ಲರೂ ಮನೆಯಲ್ಲಿ ನೋಡ್ ನಡೆಸಲಾಗದು. ಆದರೆ ವಾಲೆಟ್‌ನಲ್ಲಿ ಬೇರೆ ಬೇರೆ ಸಂಸ್ಥೆಗಳ ಎರಡು ಆರ್‌ಪಿಸಿ ವಿಳಾಸಗಳನ್ನು, ಎಂದರೆ ಅಂಥ ಸರ್ವರ್‌ಗಳ ವಿಳಾಸಗಳನ್ನು, ಮೊದಲೇ ತುಂಬಿಸಿಟ್ಟು, ಒಂದರಿಂದ ಇನ್ನೊಂದಕ್ಕೆ ಬದಲಿಸುವುದನ್ನು ರೂಢಿ ಮಾಡಿಕೊಳ್ಳಲು ಖರ್ಚೇನೂ ಇಲ್ಲ.

ಇಥೀರಿಯಂ ಮೇಲೆ ಕಟ್ಟಿದ ಆರ್ಬಿಟ್ರಂ, ಬೇಸ್ ಮುಂತಾದ ಎರಡನೆಯ ಹಂತದ ಜಾಲಗಳು ನನ್ನ ಬಹುಪಾಲು ಸಣ್ಣ ವ್ಯಾಪಾರ ನಡೆಯುವ ಜಾಗ. ಇಥೀರಿಯಂ ಭದ್ರತೆ, ಕಾಸಿನ ಲೆಕ್ಕದ ಶುಲ್ಕ. 2024ರ ಮಾರ್ಚ್ 13ರ ಡೆನ್‌ಕುನ್ ನವೀಕರಣದ ನಂತರವಂತೂ ಶುಲ್ಕ ಇನ್ನೂ ಕುಸಿಯಿತು. ಆದರೆ ಇಲ್ಲಿ ವಹಿವಾಟುಗಳನ್ನು ಸಾಲಾಗಿ ಜೋಡಿಸುವುದು ಸೀಕ್ವೆನ್ಸರ್ ಎಂಬ ಒಂದೇ ವ್ಯವಸ್ಥೆ, ಅದನ್ನು ನಡೆಸುವುದು ಒಂದೇ ಸಂಸ್ಥೆ. 2023ರ ಡಿಸೆಂಬರ್ 15ರಂದು ವಹಿವಾಟಿನೊಳಗೆ ಮಾಹಿತಿ ಬರೆಯುವ ಇನ್‌ಸ್ಕ್ರಿಪ್ಷನ್‌ಗಳ ಹುಚ್ಚು ಪ್ರವಾಹಕ್ಕೆ ಆರ್ಬಿಟ್ರಂ ಸೀಕ್ವೆನ್ಸರ್ ಒಂದು ಗಂಟೆಗೂ ಹೆಚ್ಚು ನಿಂತಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೇಸ್ ಸುಮಾರು ಮುಕ್ಕಾಲು ಗಂಟೆ ನಿಂತಿತ್ತು.

ಇಂಥ ಜಾಲಗಳಲ್ಲಿ ಸೀಕ್ವೆನ್ಸರ್ ನಿಂತರೂ, ಅಥವಾ ಅದು ನನ್ನ ವಹಿವಾಟನ್ನು ಬೇಕೆಂದೇ ತಡೆದರೂ, ಇಥೀರಿಯಂ ಮುಖ್ಯ ಜಾಲದಿಂದ ವಹಿವಾಟನ್ನು ಒತ್ತಾಯವಾಗಿ ಸೇರಿಸುವ ದಾರಿಯೊಂದಿದೆ. ಆರ್ಬಿಟ್ರಂನಲ್ಲಿ ಅದಕ್ಕೆ ಸುಮಾರು 24 ಗಂಟೆ ಕಾಯಬೇಕು. ಇದರ ಬಗ್ಗೆ ಕೇಳಿದವರು ಬಹಳ, ನಡೆದು ನೋಡಿದವರು ಕಡಿಮೆ. ನಾನು ಸಣ್ಣ ಮೊತ್ತವಿಟ್ಟು ಆ ದಾರಿಯಲ್ಲಿ ಹೋಗಿ ಬಂದಿದ್ದೇನೆ. ಸುಲಭವಿರಲಿಲ್ಲ: ಮುಖ್ಯ ಜಾಲದಲ್ಲಿ ಅದಕ್ಕೆಂದೇ ಇರುವ ಪ್ರೋಗ್ರಾಮಿನ ವಿಳಾಸ ಹುಡುಕಿ, ಸಂದೇಶವನ್ನು ಕೈಯಿಂದ ರೂಪಿಸಿ, ಅಲ್ಲಿನ ಶುಲ್ಕ ಕಟ್ಟಿ, ಅದು ಸೇರುವವರೆಗೆ ಕಾದೆ. ಅದಕ್ಕೆ ಬೇಕಾದ ಆದೇಶಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ; ಮುಖ್ಯ ಜಾಲದಲ್ಲಿ ಆ ಶುಲ್ಕಕ್ಕೆ ಸಾಕಾಗುವಷ್ಟು ಈಥರ್ ಸದಾ ಇರುತ್ತದೆ. ಕುಸಿತದ ಹೊತ್ತಿಗೆ ಅಡವು ಉಳಿಸಿಕೊಳ್ಳಲು ಒಂದು ದಿನದ ಕಾಯುವಿಕೆ ಪ್ರಯೋಜನಕ್ಕೆ ಬಾರದು ಎಂಬುದೂ ಆಗಲೇ ಮನದಟ್ಟಾಯಿತು. ಹಾಗಾಗಿ ಈ ಜಾಲಗಳಲ್ಲಿ ಸಾಲ ತೆಗೆಯುವಾಗ ಇನ್ನೊಂದನ್ನು ನೋಡುತ್ತೇನೆ: ಸೀಕ್ವೆನ್ಸರ್ ನಿಂತು ಮತ್ತೆ ಶುರುವಾದ ಕೂಡಲೇ ಸಾಲ ವ್ಯವಸ್ಥೆ ಜನರ ಅಡವನ್ನು ಮಾರಲು ತೊಡಗುತ್ತದೆಯೇ, ಸ್ವಲ್ಪ ಹೊತ್ತು ಬಿಡುವು ಕೊಡುತ್ತದೆಯೇ? ಆವೆ ಎಂಬ ಸಾಲ ವ್ಯವಸ್ಥೆಯ ಮೂರನೆಯ ಆವೃತ್ತಿಯಲ್ಲಿ ಅಂಥ ಬಿಡುವು ಕೊಡುವ ಏರ್ಪಾಡು ಇದೆ. ಬಡ್ಡಿ ಅರ್ಧ ಶೇಕಡ ಹೆಚ್ಚಿದ್ದರೂ ಈ ಏರ್ಪಾಡಿರುವ ಕಡೆಗೇ ಹೋಗುತ್ತೇನೆ.

ಒಂದು ಜಾಲದಿಂದ ಇನ್ನೊಂದಕ್ಕೆ ಆಸ್ತಿ ದಾಟಿಸುವ ಬ್ರಿಜ್‌ಗಳ ಬಗ್ಗೆ ನನ್ನ ನಿಲುವು ಗಡುಸು. 2022ರ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಎಂಬ ಬ್ರಿಜ್‌ನಿಂದ 1,20,000 ಈಥರ್ ಮೌಲ್ಯದ ಟೋಕನ್ ಹೋಯಿತು. ಮಾರ್ಚ್‌ನಲ್ಲಿ ರೋನಿನ್, ಒಂಬತ್ತು ವ್ಯಾಲಿಡೇಟರ್ ಕೀಲಿಗಳಲ್ಲಿ ಐದು ಕಳ್ಳರ ಪಾಲಾಗಿ 60 ಕೋಟಿ ಡಾಲರಿಗೂ ಹೆಚ್ಚು ಹೋಯಿತು, ಕಳುವಾದದ್ದು ಗೊತ್ತಾಗಲು ಆರು ದಿನ ಬೇಕಾಯಿತು. ಆಗಸ್ಟ್‌ನಲ್ಲಿ ನೋಮ್ಯಾಡ್ ಬ್ರಿಜ್ ಬರಿದಾಯಿತು. ಬ್ರಿಜ್ ದಾಟಿ ಬಂದ ಟೋಕನ್ ಎಂದರೆ ಮೂಲ ಆಸ್ತಿಗೆ ಬರೆದುಕೊಟ್ಟ ಚೀಟಿ. ಬ್ರಿಜ್ ಬರಿದಾದರೆ ಚೀಟಿಗೆ ಬೆಲೆಯಿಲ್ಲ. ಅಂಥ ಟೋಕನ್‌ಗಳನ್ನು ನಾನು ರಾತ್ರಿ ಕಳೆಯುವಷ್ಟು ಹೊತ್ತೂ ಇಟ್ಟುಕೊಳ್ಳುವುದಿಲ್ಲ. ಯುಎಸ್‌ಡಿಸಿ ಎಂಬ ಡಾಲರ್ ಸ್ಟೇಬಲ್‌ಕಾಯಿನ್ ಬೇಕಾದರೆ ಆ ಜಾಲದಲ್ಲಿ ಸರ್ಕಲ್ ಸಂಸ್ಥೆ ತಾನೇ ನೇರವಾಗಿ ಬಿಡುಗಡೆ ಮಾಡಿದ್ದು ಇದೆಯೇ ಎಂದು ನೋಡುತ್ತೇನೆ, ಜಾಲದಿಂದ ಜಾಲಕ್ಕೆ ಹೋಗುವಾಗ ಇಲ್ಲಿ ಸುಟ್ಟು ಅಲ್ಲಿ ಹೊಸದಾಗಿ ಮುದ್ರಿಸುವ ಅವರದ್ದೇ ವ್ಯವಸ್ಥೆ ಬಳಸುತ್ತೇನೆ. ಆ ಡಾಲರ್ ಕೂಡ 2023ರ ಮಾರ್ಚ್‌ನಲ್ಲಿ, ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ ವಾರಾಂತ್ಯದಲ್ಲಿ, 90 ಸೆಂಟಿಗೂ ಕೆಳಗೆ ಇಳಿದಿತ್ತೆಂಬುದು ನೆನಪಿದೆ. ಅದಕ್ಕಾಗಿಯೇ ಒಂದೇ ಸ್ಟೇಬಲ್‌ಕಾಯಿನ್‌ನಲ್ಲಿ ಎಲ್ಲವನ್ನೂ ಇಡುವುದಿಲ್ಲ.

ಯಾರು ನಿಲ್ಲಿಸಬಲ್ಲರು ಎಂಬ ಪ್ರಶ್ನೆಗೆ ನನ್ನೊಳಗೇ ಇನ್ನೂ ತಕರಾರು ನಡೆಯುತ್ತಿದೆ. 2022ರ ಅಕ್ಟೋಬರ್‌ನಲ್ಲಿ ಬಿಎನ್‌ಬಿ ಚೈನ್‌ನ ಬ್ರಿಜ್‌ನಿಂದ ಕಳ್ಳನೊಬ್ಬ 20 ಲಕ್ಷ ಬಿಎನ್‌ಬಿ ಸೃಷ್ಟಿಸಿಕೊಂಡಾಗ ಕೈಬೆರಳೆಣಿಕೆಗಿಂತ ತುಸು ಹೆಚ್ಚಿನ ವ್ಯಾಲಿಡೇಟರುಗಳು ಸೇರಿ ಇಡೀ ಜಾಲ ನಿಲ್ಲಿಸಿದರು. ಕದ್ದದ್ದರಲ್ಲಿ ಹೆಚ್ಚಿನ ಪಾಲು ಹೊರಹೋಗದೆ ಉಳಿಯಿತು. 2025ರ ಮೇ ತಿಂಗಳಲ್ಲಿ ಸೂಯಿ ಜಾಲದ ಸೀಟಸ್ ಎಂಬ ವಿನಿಮಯ ಕೇಂದ್ರದಿಂದ 20 ಕೋಟಿ ಡಾಲರಿಗೂ ಹೆಚ್ಚು ಕಳುವಾದಾಗ ವ್ಯಾಲಿಡೇಟರುಗಳು ಕಳ್ಳನ ವಿಳಾಸಗಳನ್ನು ತಡೆಹಿಡಿದರು. ಹಣ ಕಳೆದುಕೊಂಡವರ ಜಾಗದಲ್ಲಿ ನಿಂತು ನೋಡಿದರೆ ಅದು ಸರಿಯಾದ ಕೆಲಸ. ಆದರೆ ಕಳ್ಳನ ವಿಳಾಸ ತಡೆಯಬಲ್ಲ ಕೈ ನನ್ನ ವಿಳಾಸವನ್ನೂ ತಡೆಯಬಲ್ಲದು. ಇಂಥ ಜಾಲಗಳನ್ನು ನಾನು ಬಿಟ್ಟುಬಿಟ್ಟಿಲ್ಲ. ಅವುಗಳನ್ನು ಒಂದು ಸಂಸ್ಥೆ ನಡೆಸುವ ಎಕ್ಸ್‌ಚೇಂಜಿನ ಸಾಲಿನಲ್ಲಿಟ್ಟು, ಎಕ್ಸ್‌ಚೇಂಜಿನಲ್ಲಿ ಎಷ್ಟು ಬಿಡುತ್ತೇನೆಯೋ ಅಷ್ಟನ್ನೇ ಅಲ್ಲಿ ಬಿಡುತ್ತೇನೆ. ತನ್ನದೇ ಸ್ಟೇಬಲ್‌ಕಾಯಿನ್ ಕುಸಿದು ಮುಳುಗಿದ ಟೆರ್ರಾ ಜಾಲವನ್ನು 2022ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ ಉಳಿಸಲು ಏನೂ ಉಳಿದಿರಲಿಲ್ಲ. ಅದಕ್ಕೆ ಕೆಲವೇ ವಾರಗಳ ಹಿಂದೆ ಶೇಕಡ 20ರ ಬಡ್ಡಿಯ ಬಗ್ಗೆ ಗೆಳೆಯರೆಲ್ಲ ಮಾತಾಡುತ್ತಿದ್ದರು.

ನಮ್ಮ ದೇಶದಲ್ಲಿ ವ್ಯಾಪಾರ ಮಾಡುವವನಿಗೆ ಅಗ್ಗದ ಶುಲ್ಕದ ಅಬ್ಬರ ಇನ್ನೂ ಕಡಿಮೆ ಮುಖ್ಯ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇಕಡ 30 ತೆರಿಗೆ, ಅದೇ ವರ್ಷದ ಜುಲೈನಿಂದ ಮಾರಾಟದ ಮೊತ್ತಕ್ಕೆ ಶೇಕಡ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಕೊಂಡ ಬೆಲೆಯನ್ನು ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ಇಂಥ ಲೆಕ್ಕದಲ್ಲಿ ದಿನಕ್ಕೆ ಹತ್ತಾರು ಸಲ ಕೊಡುಕೊಳ್ಳುವುದು ಕೈ ಸುಡುವ ಕೆಲಸ. ಅಪರೂಪಕ್ಕೆ ಮಾಡುವ ವಹಿವಾಟು ಖಚಿತವಾಗಿ ನಡೆಯುವುದು ಮುಖ್ಯ. ಪ್ರತಿಯೊಂದರ ರೂಪಾಯಿ ಬೆಲೆಯನ್ನು ಅದೇ ದಿನ ದಾಖಲಿಸುವ ಕೆಲಸವನ್ನೂ ನನ್ನ ವ್ಯಾಪಾರದ ಪ್ರೋಗ್ರಾಮಿಗೇ ಒಪ್ಪಿಸಿದ್ದೇನೆ. ಕೊನೆಗೆ ರೂಪಾಯಿಗೆ ಬರಬೇಕಾದರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಾಯಿತವಾದ ಎಕ್ಸ್‌ಚೇಂಜನ್ನೇ ಹಾದು ಬರಬೇಕು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜಿನ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾದಾಗ ಇಥೀರಿಯಂ ಜಾಲ ಎಂದಿನಂತೆ ನಡೆಯುತ್ತಲೇ ಇತ್ತು. ಆದರೂ ಗ್ರಾಹಕರ ಕ್ರಿಪ್ಟೋ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಸಿಕ್ಕಿಹಾಕಿಕೊಂಡಿತು. ರೂಪಾಯಿಗೆ ಬದಲಿಸುವ ದಿನ ಮಾತ್ರ ನನ್ನ ಹಣ ಎಕ್ಸ್‌ಚೇಂಜಿಗೆ ಹೋಗುತ್ತದೆ, ಮೊದಲು ಚಿಲ್ಲರೆ ಮೊತ್ತ ಕಳಿಸಿ, ಅದು ತಲುಪಿದ ಮೇಲೆ ಉಳಿದದ್ದು.

ಈ ಏರ್ಪಾಡಿಗೆ ನಿಜವಾದ ಪರೀಕ್ಷೆ 2025ರ ಅಕ್ಟೋಬರ್ 11ರಂದು ಬಂತು. ಚೀನಾದ ಮೇಲೆ ಇನ್ನೂ ಶೇಕಡ 100 ಸುಂಕ ಎಂದು ಟ್ರಂಪ್ ಘೋಷಿಸಿದಾಗ ಇಲ್ಲಿ ನಡುರಾತ್ರಿ ಕಳೆದು ಎರಡೂವರೆಯ ಸುಮಾರು. ಒಂದು ದಿನದೊಳಗೆ 1,900 ಕೋಟಿ ಡಾಲರಿಗೂ ಹೆಚ್ಚಿನ ಸಾಲದ ವ್ಯಾಪಾರಗಳು ಬಲವಂತವಾಗಿ ಮುಚ್ಚಲ್ಪಟ್ಟವು. ದೊಡ್ಡ ಎಕ್ಸ್‌ಚೇಂಜೊಂದರಲ್ಲಿ ಯುಎಸ್‌ಡಿಇ ಎಂಬ ಡಾಲರ್ ಟೋಕನ್ 65 ಸೆಂಟಿನ ಹತ್ತಿರಕ್ಕೆ ಬಿತ್ತು. ಅದೇ ಗಳಿಗೆಯಲ್ಲಿ ಜಾಲದ ಮೇಲಿನ ವಿಕೇಂದ್ರೀಕೃತ ಮಾರುಕಟ್ಟೆಗಳಲ್ಲಿ ಅದು ಒಂದು ಡಾಲರಿನ ಆಸುಪಾಸಿನಲ್ಲೇ ಇತ್ತು. ನಾನು ಮಲಗಿದ್ದೆ. ಅಡವಿನ ಅನುಪಾತ ನಿಗದಿತ ಮಟ್ಟಕ್ಕೆ ಇಳಿದ ಕೂಡಲೇ ಪ್ರೋಗ್ರಾಮು ಬದಿಗಿಟ್ಟಿದ್ದ ಸ್ಟೇಬಲ್‌ಕಾಯಿನ್‌ನಿಂದ ಸಾಲದ ಭಾಗ ತೀರಿಸಿತು. ಬೆಳಿಗ್ಗೆ ದಾಖಲೆ ನೋಡಿದರೆ ಮುಖ್ಯ ಜಾಲದಲ್ಲಿ ಶುಲ್ಕ ಹಲವು ಪಟ್ಟು ಏರಿತ್ತು, ಆದರೂ ವಹಿವಾಟು ಮೊದಲ ಯತ್ನಕ್ಕೇ ಒಳಗೆ ಹೋಗಿತ್ತು. ಆರ್ಬಿಟ್ರಂನಲ್ಲೂ ಸೊಲಾನಾದಲ್ಲೂ ನನ್ನ ಪರೀಕ್ಷಾ ವಹಿವಾಟುಗಳು ತುಸು ತಡವಾದರೂ ತಪ್ಪದೆ ದಾಖಲಾಗಿದ್ದವು. ಆ ರಾತ್ರಿಯ ಅಂಕಿಗಳನ್ನು ನೋಡಿದ ಮೇಲೆಯೇ ಸೊಲಾನಾದಲ್ಲಿ ಇಡುವ ಮೊತ್ತದ ಮಿತಿಯನ್ನು ಏರಿಸಿದೆ.

ಹೈಪರ್‌ಲಿಕ್ವಿಡ್ ಬಗ್ಗೆ ಈಗ ಬಹಳ ಜನ ಕೇಳುತ್ತಿದ್ದಾರೆ. ಊರಿನಿಂದ ಚಿಕ್ಕಪ್ಪನ ಮಗನೂ ಫೋನ್ ಮಾಡಿ, "ಅಣ್ಣಾ, ಎಲ್ಲರೂ ಅದರಲ್ಲೇ ಇದ್ದಾರಂತೆ, ನೀನೇಕೆ ಇಲ್ಲ?" ಎಂದ. ವ್ಯಾಪಾರಕ್ಕೆಂದೇ ಕಟ್ಟಿದ ಜಾಲ ಅದು, ವಿನ್ಯಾಸದಲ್ಲಿ ಮೆಚ್ಚುವಂಥದ್ದು ಬಹಳ ಇದೆ. ಆದರೆ 2025ರ ಮಾರ್ಚ್ 26ರಂದು ಜೆಲ್ಲಿ ಎಂಬ ಸಣ್ಣ ಟೋಕನ್‌ನ ವ್ಯಾಪಾರ ವ್ಯವಸ್ಥೆಯ ಸ್ವಂತ ನಿಧಿಗೇ ಮುಳುವಾಗುವಂತೆ ಕಂಡಾಗ, ವ್ಯಾಲಿಡೇಟರುಗಳು ಮತ ಹಾಕಿ ಆ ಮಾರುಕಟ್ಟೆಯನ್ನೇ ಮುಚ್ಚಿ, ತಾವು ನಿಗದಿಪಡಿಸಿದ ಬೆಲೆಗೆ ಲೆಕ್ಕ ತೀರಿಸಿದರು. ಅವನಿಗೆ ಅಷ್ಟನ್ನೂ ವಿವರಿಸಿ, ಹೋಗುವುದಾದರೆ ಮೊದಲು ಸಣ್ಣ ಮೊತ್ತ ಹಾಕಿ, ಅದನ್ನು ಪೂರ್ತಿ ಹೊರತೆಗೆದು ಬ್ಯಾಂಕ್ ಖಾತೆಗೆ ರೂಪಾಯಿಯಾಗಿ ತಂದು ನೋಡು, ಅದಕ್ಕೆ ಎಷ್ಟು ಹೊತ್ತು, ಎಷ್ಟು ಖರ್ಚು, ಯಾರ ಯಾರ ಕೈ ದಾಟಿತು ಎಂದು ಬರೆದು ನನಗೆ ಕಳಿಸು ಎಂದೆ. ಇನ್ನೂ ಕಳಿಸಿಲ್ಲ. ನಾನಂತೂ ಅಲ್ಲಿ ಪರೀಕ್ಷಾ ವಹಿವಾಟು ನಡೆಸುವ ಪ್ರೋಗ್ರಾಮನ್ನು ಶುರು ಮಾಡಿದ್ದೇನೆ. ಮುಂದಿನ ದೊಡ್ಡ ಕುಸಿತದ ದಾಖಲೆ ಕೈಗೆ ಬರುವವರೆಗೆ ಅದಕ್ಕಿಂತ ಹೆಚ್ಚಿನ ಹಣ ಅಲ್ಲಿಗೆ ಹೋಗುವುದಿಲ್ಲ.